ಸ್ವಿಚ್ಚಿನ ಆಚೆ ತುದಿಯ ಊರು



2025ರ ದೀಪಾವಳಿ ಹೊತ್ತಿಗೆ ಒಂದು ಪೋಸ್ಟರ್ ಬಂತು, ನಿಮಗೆ ನೆನಪಿರಬಹುದು. ಬಿಳಿ ಬಟ್ಟೆ, ಜೊತೆಗೊಂದು ಸೈಕಲ್, ನಮ್ಮ ಶಿವಣ್ಣ. ತೆಲುಗು ಸಿನಿಮಾ, ಹೆಸರು ‘ಗುಮ್ಮಡಿ ನರ್ಸಯ್ಯ’. ಅವತ್ತು ನಮ್ಮ ಡೆಸ್ಕಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾರ್ರೀ ಈ ನರ್ಸಯ್ಯ? ಐದು ಸಲ ಶಾಸಕರಾದವರು. 1983, 1985, 1989, ಆಮೇಲೆ 1999, 2004. ಐದು ಸಲ ಗೆದ್ದ ಮೇಲೂ ಬಸ್ಸಿನಲ್ಲಿ ಓಡಾಡಿದವರು, ಊರಲ್ಲಿ ಸೈಕಲ್ ತುಳಿದವರು. ಕೆಂಪು ಬಾವುಟದ ಆದಿವಾಸಿ ನಾಯಕ. ನಮ್ಮ ಕಡೆ ಒಂದೇ ಒಂದು ಸಲ ಗ್ರಾಮ ಪಂಚಾಯಿತಿ ಸದಸ್ಯ ಆದವರ ಮನೆ ಮುಂದೆ ಎಂಥ ಗಾಡಿ ನಿಂತಿರುತ್ತೆ ಅಂತ ನಿಮಗೇ ಗೊತ್ತು, ನಾನು ಹೇಳೋದಿಲ್ಲ.

ಸಿನಿಮಾ ಬಗ್ಗೆ ಸಿನಿಮಾದವರು ಮಾತಾಡ್ತಾರೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿರೋದು ನರ್ಸಯ್ಯ ಗೆದ್ದು ಬಂದ ಊರಿನ ಬಗ್ಗೆ. ಯಲ್ಲಂದು. ತೆಲಂಗಾಣದ ಭದ್ರಾದ್ರಿ ಕೊತ್ತಗೂಡೆಂ ಜಿಲ್ಲೆಯ ಒಂದು ಚಿಕ್ಕ ಪುರಸಭೆ ಊರು. ಭದ್ರಾಚಲದ ರಾಮನ ದರ್ಶನಕ್ಕೆ ಹೋದ ಕನ್ನಡಿಗರು ಲಕ್ಷಾಂತರ ಇರಬಹುದು, ಅವರಲ್ಲಿ ಯಲ್ಲಂದುವಿನಲ್ಲಿ ಇಳಿದವರು ಕೈಬೆರಳೆಣಿಕೆ. ಆದ್ರೆ ಒಂದು ಮಾತು ಹೇಳ್ತೀನಿ, ಸ್ವಲ್ಪ ಯೋಚನೆ ಮಾಡಿ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಇಲ್ಲ. ಚಿನ್ನ ಇದೆ, ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ, ಕಲ್ಲಿದ್ದಲು ಮಾತ್ರ ಇಲ್ಲ. ಹಾಗಿದ್ರೂ ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಆರ್‌ಟಿಪಿಎಸ್ ಉರೀತಾ ಇದೆ. ಅದರ ಒಲೆಗೆ ಬೀಳೋ ಕಲ್ಲಿದ್ದಲಿನಲ್ಲಿ ದೊಡ್ಡ ಪಾಲು ಬಂದಿರೋದು ಸಿಂಗರೇಣಿ ಕಂಪನಿಯಿಂದ. ಆ ಸಿಂಗರೇಣಿ ಹುಟ್ಟಿದ್ದೇ ಈ ಯಲ್ಲಂದುವಿನಲ್ಲಿ.

ನಾನು ಇಂಜಿನಿಯರಿಂಗ್ ಓದಿದವನು, ಒಂದು ಲೆಕ್ಕ ಕೊಡದೆ ಮುಂದಕ್ಕೆ ಹೋಗಲ್ಲ, ಬೇಜಾರು ಮಾಡ್ಕೋಬೇಡಿ. ನಮ್ಮ ದೇಶದ ಕಲ್ಲಿದ್ದಲಲ್ಲಿ ಬೂದಿ ಜಾಸ್ತಿ. ಒಂದು ಯೂನಿಟ್ ಕರೆಂಟ್ ಬರಬೇಕಾದ್ರೆ ಸುಮಾರು 700 ಗ್ರಾಂ ಸುಡಬೇಕು. ಬೆಳಗ್ಗೆ ಎದ್ದು 2 ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಹಾಕಿದ್ರೆ ಒಂದು ಯೂನಿಟ್. ಅಂದ್ರೆ ನಿಮ್ಮ ಮನೆಯಲ್ಲಿ ಒಬ್ಬರು ಸ್ನಾನ ಮಾಡಿ ಬರೋಷ್ಟರಲ್ಲಿ ಎಲ್ಲೋ ಒಂದು ಕಡೆ ಮುಕ್ಕಾಲು ಕೆಜಿ ಹತ್ತಿರ ಕಲ್ಲಿದ್ದಲು ಬೂದಿಯಾಗಿರುತ್ತೆ. ಈಗ ಆರ್‌ಟಿಪಿಎಸ್‌ಗೆ ಬನ್ನಿ. 210 ಮೆಗಾವ್ಯಾಟಿನ ಏಳು ಘಟಕ, 250ರದ್ದು ಒಂದು, ಒಟ್ಟು 1720 ಮೆಗಾವ್ಯಾಟ್. ಎಲ್ಲವೂ ಪೂರ್ತಿ ಓಡಿದ್ರೆ ದಿನಕ್ಕೆ 4 ಕೋಟಿ ಯೂನಿಟ್ಟಿಗೂ ಮೇಲೆ. ಅದಕ್ಕೆ ಬೇಕಾಗೋದು 28 ಸಾವಿರ ಟನ್ ಆಸುಪಾಸು. ಒಂದು ಗೂಡ್ಸ್ ರೈಲು ಸುಮಾರು 4 ಸಾವಿರ ಟನ್ ಹೊರುತ್ತೆ. ಏಳು ರೈಲು ಪ್ರತಿ ದಿನ ಬರಬೇಕು, ಹಬ್ಬ ಇರಲಿ ಹುಣ್ಣಿಮೆ ಇರಲಿ. ಒಂದು ರೈಲು ತಡವಾದ್ರೆ ಒಂದು ಘಟಕದ ಒಂದು ದಿನದ ಊಟ ಹೋಯ್ತು ಅಂತ ಲೆಕ್ಕ.

ಈ ಊಟದ ಮೊದಲ ಒಲೆಯ ಕಥೆ ಯಲ್ಲಂದುವಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಭದ್ರಾಚಲಕ್ಕೆ ಹೊರಟಿದ್ದ ಯಾತ್ರಿಕರು ದಾರಿಯಲ್ಲಿ ತಂಗಿದ್ರಂತೆ. ಅಡುಗೆಗೆ ಮೂರು ಕಪ್ಪು ಕಲ್ಲು ಇಟ್ಟು ಒಲೆ ಹೂಡಿದ್ರಂತೆ. ಅನ್ನ ಬೇಯೋ ಮುಂಚೆ ಕಲ್ಲೇ ಹೊತ್ಕೊಂಡು ಉರಿಯೋಕೆ ಶುರುವಾಯ್ತಂತೆ. ಕಥೆ ಎಷ್ಟು ನಿಜವೋ ರಾಮನಿಗೇ ಗೊತ್ತು. ಕಾಗದದಲ್ಲಿರೋದು ಇಷ್ಟು: 1871ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಡಾ. ವಿಲಿಯಂ ಕಿಂಗ್ ಯಲ್ಲಂದು ಹತ್ತಿರ ಕಲ್ಲಿದ್ದಲು ಗುರುತಿಸಿದ. ಇವತ್ತಿಗೂ ಆ ಭಾಗದ ಒಂದು ಪದರಕ್ಕೆ ಕಿಂಗ್ ಸೀಮ್ ಅಂತಲೇ ಹೆಸರು. ಕಿಂಗ್ ಇದ್ದ ಮೇಲೆ ರಾಣಿ ಬೇಡವೇ? ಕ್ವೀನ್ ಸೀಮೂ ಇದೆ. ಹಳಬರು ಊರನ್ನ ‘ಬೊಗ್ಗುಟ್ಟ’ ಅಂತಾರೆ, ಬೊಗ್ಗಿನ ಗುಡ್ಡ. ತೆಲುಗಿನ ಬೊಗ್ಗು ಅಂದ್ರೆ ನಮ್ಮ ಇದ್ದಲು.

ಈಗ ಒಂದು ಹಗರಣಕ್ಕೆ ಬರೋಣ. ನ್ಯೂಸ್ ಚಾನೆಲ್‌ನವನು, ಹಗರಣ ಬಿಟ್ಟು ಹೋಗ್ತಾನಾ ಅಂತೀರಾ? ಇದು ಬೋಫೋರ್ಸ್ ಅಲ್ಲ, 2ಜಿ ಅಲ್ಲ. 1888ರದ್ದು.

ಆಗ ಯಲ್ಲಂದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. ನಮ್ಮ ರಾಯಚೂರು, ಕಲಬುರಗಿ, ಬೀದರ್ ಕೂಡ ಅದೇ ಸಂಸ್ಥಾನದಲ್ಲಿತ್ತು, ಇದನ್ನ ಮನಸ್ಸಲ್ಲಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ. 1886ರಲ್ಲಿ ಸಂಸ್ಥಾನದ ಗಣಿ ಹಕ್ಕು ಇಂಗ್ಲೆಂಡಿನಲ್ಲಿ ನೋಂದಣಿಯಾದ ಹೈದರಾಬಾದ್ (ಡೆಕ್ಕನ್) ಕಂಪನಿ ಕೈಗೆ ಹೋಯ್ತು. ಹಕ್ಕು ಪಡೆದವರು ಏನು ಮಾಡಿದ್ರು ಗೊತ್ತಾ? ಬಹುಪಾಲು ಷೇರುಗಳನ್ನ ತಮ್ಮ ತಮ್ಮಲ್ಲೇ ಹಂಚಿಕೊಂಡ್ರು. ನಿಜಾಮನ ಕಡೆಯಿಂದ ವ್ಯವಹಾರ ನಡೆಸಿದ ಅಧಿಕಾರಿ ಅಬ್ದುಲ್ ಹಕ್ ಅಂತ. ಆತನ ಕೈಗೂ ಷೇರು ಬಂತು. ಆಮೇಲೆ ಆತ ನಿಜಾಮನ ಸರ್ಕಾರದ ದುಡ್ಡಲ್ಲಿ ಕಂಪನಿಯ ಷೇರು ಖರೀದಿ ಮಾಡಿಸಿದ. ಯಾರ ಷೇರು? ತನ್ನದೇ! ಅದೂ ಮುಖಬೆಲೆಗಿಂತ ಜಾಸ್ತಿ ದರಕ್ಕೆ. ಮಾರೋನೂ ಅವನೇ, ಕೊಳ್ಳೋನ ಪರವಾಗಿ ಸಹಿ ಹಾಕೋನೂ ಅವನೇ. ಗದ್ದಲ ಲಂಡನ್‌ವರೆಗೆ ಹೋಯ್ತು, 1888ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್ ಸಮಿತಿ ಮಾಡಿ ವಿಚಾರಣೆ ನಡೆಸಿತು, ಅಬ್ದುಲ್ ಹಕ್ ಕುರ್ಚಿ ಕಳೆದುಕೊಂಡ. 2012ರಲ್ಲಿ ಸಿಎಜಿ 1.86 ಲಕ್ಷ ಕೋಟಿ ಅಂತ ಹೇಳಿ, 2014ರಲ್ಲಿ ಸುಪ್ರೀಂ ಕೋರ್ಟ್ 204 ಕಲ್ಲಿದ್ದಲು ನಿಕ್ಷೇಪಗಳ ಹಂಚಿಕೆ ರದ್ದು ಮಾಡಿದಾಗ ನಾವೆಲ್ಲ ಸ್ಟುಡಿಯೋದಲ್ಲಿ ‘ಇತಿಹಾಸದಲ್ಲೇ ಮೊದಲು’ ಅಂತ ಕಿರುಚಿದ್ದೆವು. ಮೊದಲೂ ಅಲ್ಲ, ಎರಡನೆಯದೂ ಅಲ್ಲ. ಈ ದೇಶದಲ್ಲಿ ಕಲ್ಲಿದ್ದಲು ಮೇಲೆ ಬರೋ ಮುಂಚೆನೇ ಅದರ ಹಗರಣ ಮೇಲೆ ಬಂದಿರುತ್ತೆ. ಯಲ್ಲಂದುವಿನಲ್ಲಿ ಗಣಿ ಕೆಲಸ ಶುರುವಾಗಿದ್ದು 1889ರಲ್ಲಿ, ವಿಚಾರಣೆ ಆದ ಮರುವರ್ಷ.

ಆಮೇಲಿನದ್ದು ಬೇಗ ಹೇಳಿಬಿಡ್ತೀನಿ. ನಿಜಾಮನ ರೈಲು ಇದ್ದಲಿಗೋಸ್ಕರವೇ ಯಲ್ಲಂದುವರೆಗೆ ಕವಲು ಹಾಕಿತು. 1920ರ ಡಿಸೆಂಬರ್ 23ಕ್ಕೆ ಕಂಪನಿಗೆ ‘ಸಿಂಗರೇಣಿ ಕಾಲರೀಸ್’ ಅಂತ ಹೆಸರಾಯ್ತು. ಪಕ್ಕದ ಒಂದು ಹಳ್ಳಿಯ ಹೆಸರು ಅದು. 1945ರಲ್ಲಿ ನಿಜಾಮ್ ಸರ್ಕಾರ ಕಂಪನಿಯ ಹೆಚ್ಚಿನ ಷೇರು ಕೊಂಡಿತು. ಇಂದಿರಾ ಗಾಂಧಿ ದೇಶದ ಗಣಿಗಳನ್ನ ರಾಷ್ಟ್ರೀಕರಣ ಮಾಡಿದ್ದು 1970ರ ದಶಕದಲ್ಲಿ, ಇಲ್ಲಿ ಅದಕ್ಕಿಂತ ಕಾಲು ಶತಮಾನ ಮುಂಚೆ ಸರ್ಕಾರದ ಕಂಪನಿಯಾಗಿತ್ತು. ಈಗ ತೆಲಂಗಾಣ ಸರ್ಕಾರದ್ದು 51 ಪಾಲು, ಕೇಂದ್ರದ್ದು 49. ಅಷ್ಟರಲ್ಲಿ ಕೊತ್ತಗೂಡೆಂನಲ್ಲಿ ಗಣಿ ಎದ್ದವು, ಕಂಪನಿಯ ಕೇಂದ್ರ ಕಚೇರಿ ಅಲ್ಲಿಗೆ ಹೋಯ್ತು. ಹೆತ್ತ ಊರು ಹಿಂದೆ ಉಳೀತು.

2023ರ ನವೆಂಬರ್‌ನಲ್ಲಿ ತೆಲಂಗಾಣ ಚುನಾವಣೆಗೆ ಅಂತ ನಮ್ಮ ತಂಡ ಖಮ್ಮಂ ಕಡೆ ಹೋಗಿತ್ತು. ಒಂದು ದಿನ ಪ್ರಚಾರ ಸಭೆ ರದ್ದಾಯ್ತು, ನಾವು ಯಲ್ಲಂದುಗೆ ಗಾಡಿ ತಿರುಗಿಸಿದ್ವಿ. ಅಲ್ಲಿ ಕಂಪನಿಯ ಹಳೇ ಕ್ವಾರ್ಟರ್ಸ್ ಇರೋ ಬೀದಿಯಲ್ಲಿ ಒಬ್ಬ ಹಿರಿಯರು ಸಿಕ್ಕಿದ್ರು. ಎಪ್ಪತ್ತು ದಾಟಿದ ಕೋಲ್ ಫಿಲ್ಲರ್. ಹೆಸರು ಹಾಕಬೇಡ ಬಾಬು ಅಂದಿದ್ದಾರೆ, ಹಾಕಲ್ಲ. ನನ್ನ ತೆಲುಗು ಚಿರಂಜೀವಿ ಸಿನಿಮಾದಿಂದ ಕಲಿತದ್ದು, ಅವರಿಗೆ ಅದೇ ಸಾಕಾಯ್ತು.

ಅವರು ಗಣಿಗೆ ಗಣಿ ಅನ್ನಲಿಲ್ಲ, ‘ಬಾಯಿ’ ಅಂದ್ರು. ಬಾಯಿ ಅಂದ್ರೆ ಬಾವಿ. ನಮ್ಮ ಬಾವಿಯೇ ಅದು. ತೆಲಂಗಾಣದಲ್ಲಿ ಒಂದು ಮಾತಿದೆ: ಬೊಗ್ಗುಬಾಯಿ, ಬೊಂಬಾಯಿ, ದುಬಾಯಿ. ಮಳೆ ಬರಲಿಲ್ಲ, ಹೊಲ ಒಣಗ್ತು ಅಂದ್ರೆ ಗಂಡಸರಿಗೆ ಇದ್ದ ದಾರಿ ಈ ಮೂರೇ. ಕಲ್ಲಿದ್ದಲ ಬಾವಿಗೆ ಇಳಿ, ಇಲ್ಲಾ ಮುಂಬೈ ಗಿರಣಿಗೆ ಹೋಗು, ಇಲ್ಲಾ ದುಬೈ. ನಮ್ಮ ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬರೋರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಆ ತಾತ ಕೆಲಸ ವಿವರಿಸಿದ್ದನ್ನ ಹೇಳಲೇಬೇಕು. ಫಿಲ್ಲರ್‌ಗೆ ಸಂಬಳ ದಿನದ ಲೆಕ್ಕ ಅಲ್ಲ, ಟಬ್ಬಿನ ಲೆಕ್ಕ. ಮೇಲಿನವರು ಮದ್ದಿಟ್ಟು ಉದುರಿಸಿದ ಕಲ್ಲಿದ್ದಲನ್ನ ಬುಟ್ಟಿಯಲ್ಲಿ ಹೊತ್ತು ಹಳಿ ಮೇಲಿನ ಟಬ್ಬು ತುಂಬಬೇಕು. ಒಳಗೆ ಸೆಕೆ, ಕಾಲ ಕೆಳಗೆ ನೀರು, ತಲೆ ಮೇಲೆ ಸೂರು. ಆ ಸೂರೇ ಯಮ. ಗಣಿಯೊಳಗೆ ಕಂಬಗಳ ಥರ ಕಲ್ಲಿದ್ದಲನ್ನೇ ಬಿಟ್ಟು ಸುತ್ತ ತೆಗೀತಾ ಹೋಗ್ತಾರೆ. ಕೊನೆಗೆ ಆ ಕಂಬಗಳನ್ನೂ ತೆಗೀತಾರೆ, ಸೂರು ಕುಸಿಯಲಿ ಅಂತಲೇ ಬಿಟ್ಟು ಹಿಂದೆ ಹಿಂದೆ ಬರ್ತಾರೆ. ನನಗೆ ಕ್ಲಾಸಿನಲ್ಲಿ ಸ್ಟ್ರಕ್ಚರ್ ಅಂದ್ರೆ ಬೀಳದ ಹಾಗೆ ಕಟ್ಟೋದು ಅಂತ ಕಲಿಸಿದ್ರು. ಇಲ್ಲಿ ಬೀಳೋ ಹಾಗೆ ಬಿಚ್ಚೋದು, ಆದ್ರೆ ನಾವು ಹೊರಗೆ ಬಂದ ಮೇಲೆ ಬೀಳೋ ಹಾಗೆ.

‘ಬೀಳುತ್ತೆ ಅಂತ ಹೆಂಗೆ ಗೊತ್ತಾಗ್ತಿತ್ತು ತಾತಾ?’ ಅಂದೆ. ಅವರು ಪಕ್ಕದಲ್ಲಿದ್ದ ಊರುಗೋಲು ತಗೊಂಡು ಮನೆಯ ಗೋಡೆಗೆ ಒಂದು ಸಲ ಬಡಿದ್ರು, ಆಮೇಲೆ ತಗಡಿನ ಬಾಗಿಲಿಗೆ ಬಡಿದ್ರು. ಗಟ್ಟಿ ಸೂರು ಕೋಲಿನಿಂದ ತಟ್ಟಿದ್ರೆ ಟಣ್ ಅನ್ನುತ್ತೆ. ಪದರ ಬಿಟ್ಟುಕೊಂಡಿದ್ರೆ ಡಬ್ ಅನ್ನುತ್ತೆ. ಡಬ್ ಅಂದ್ರೆ ಅಲ್ಲಿ ನಿಲ್ಲಬಾರದು. ಇನ್ನೊಂದು ಹೇಳಿದ್ರು, ಕಬ್ಬಿಣದ ಕಂಬಕ್ಕಿಂತ ಮರದ ಕಂಬ ಒಳ್ಳೇದು ಬಾಬು, ಮರ ಮುರಿಯೋ ಮುಂಚೆ ಅಳುತ್ತೆ. ಲಟಲಟ ಶಬ್ದ ಬಂದ್ರೆ ಓಡೋಕೆ ಸಮಯ ಸಿಗುತ್ತೆ.

ಅಳೋ ಕಂಬ ಕೇಳಿಸಿಕೊಂಡು ಮೂವತ್ತು ವರ್ಷ ದುಡಿದ ಮನುಷ್ಯರಿಗೆ ಪಿಂಚಣಿ ಎಷ್ಟು? ಕೇಳೋಕೆ ನನಗೇ ಸಂಕೋಚ ಆಯ್ತು. ಕಲ್ಲಿದ್ದಲು ಕಾರ್ಮಿಕರ ಪಿಂಚಣಿ ಯೋಜನೆ ಬಂದಿದ್ದು 1998ರಲ್ಲಿ. ಅದರಲ್ಲಿ ತುಟ್ಟಿಭತ್ಯೆ ಇಲ್ಲ. ನಿವೃತ್ತಿ ದಿನ ಎಷ್ಟು ನಿಗದಿಯಾಯ್ತೋ ಸಾಯೋವರೆಗೂ ಅಷ್ಟೇ. ಅಕ್ಕಿ ರೇಟು ಏರಬಹುದು, ಮಾತ್ರೆ ರೇಟು ಏರಬಹುದು, ಇದು ಏರೋದಿಲ್ಲ. ತಾತನಿಗೆ ಬರೋ ಮೊತ್ತ ಹೇಳಿದ್ರೆ ಬೆಂಗಳೂರಿನಲ್ಲಿ ಇಬ್ಬರು ಒಂದು ಸಲ ಪಿಜ್ಜಾ ತಿನ್ನೋಕೂ ಸಾಲದು.

ಹಾಗಂತ ಆ ಕಾಲ ಬರೀ ಕಷ್ಟದ್ದು ಅಂತ ತಿಳೀಬೇಡಿ. ಕಂಪನಿ ಆಸ್ಪತ್ರೆ, ಕಂಪನಿ ಶಾಲೆ, ಕಂಪನಿ ನೀರು, ಕಂಪನಿ ಕರೆಂಟು. ಶಿಫ್ಟ್ ಸೈರನ್ ಕೂಗಿದ್ರೆ ಊರೇ ಗಡಿಯಾರ ಸರಿ ಮಾಡ್ಕೊಳ್ತಿತ್ತು. ಸಂಬಳದ ದಿನ ಬಟ್ಟೆ ಅಂಗಡಿ, ಚಿನ್ನದಂಗಡಿ, ಸಾರಾಯಿ ಅಂಗಡಿ ಎಲ್ಲವೂ ತುಂಬಿರ್ತಿದ್ವು. ಬಡ್ಡಿಯವನು ಗೇಟಿನ ಹೊರಗೇ ನಿಂತಿರ್ತಿದ್ದ, ಅದೂ ನಿಜ. ಜೊತೆಗೆ ಯೂನಿಯನ್ನು, ಕೆಂಪು ಬಾವುಟ, ಕಾಡಿನ ಕಡೆಯಿಂದ ನಕ್ಸಲ್ ಚಳವಳಿ. ನರ್ಸಯ್ಯ ಅಂಥವರು ಬಂದಿದ್ದು ಈ ಮಣ್ಣಿಂದ. ಯಲ್ಲಂದು ಪರಿಶಿಷ್ಟ ಪಂಗಡಕ್ಕೆ ಮೀಸಲು ಕ್ಷೇತ್ರ, ಸುತ್ತ ಕೋಯ ಆದಿವಾಸಿಗಳ ಹಾಡಿಗಳು. ಗಣಿಯಿಂದ ಬಂದ ದುಡ್ಡು ಗಣಿಗೆ ನೆಲ ಬಿಟ್ಟವರಿಗೆ ಎಷ್ಟು ಮುಟ್ಟಿತು ಅನ್ನೋ ಪ್ರಶ್ನೆ ಅಲ್ಲಿ ಹೊಸದಲ್ಲ.

1990ರ ದಶಕ ಬಂತು. ಕಂಪನಿಯಲ್ಲಿ ಆಗ ಒಂದು ಲಕ್ಷಕ್ಕೂ ಹೆಚ್ಚು ನೌಕರರು. ವರ್ಷಕ್ಕೆ ನೂರಾರು ಮುಷ್ಕರ, ಬೆಟ್ಟದಷ್ಟು ನಷ್ಟ. ಎರಡು ಸಲ ರೋಗಗ್ರಸ್ತ ಕಾರ್ಖಾನೆಗಳ ಮಂಡಳಿಯ ಬಾಗಿಲು ತಟ್ಟಿ ಬಂತು. ಬದುಕಿ ಉಳಿದಿದ್ದು ಹೇಗೆ? ಬಾವಿ ಬಿಟ್ಟು ಬಯಲಿಗೆ ಬಂತು. ಅಂಡರ್‌ಗ್ರೌಂಡ್ ಕಡಿಮೆ ಮಾಡಿ ಓಪನ್‌ಕಾಸ್ಟ್ ಮಾಡ್ತು. ಅಂದ್ರೆ ಮೇಲಿನ ಕಾಡು, ಹೊಲ, ಮಣ್ಣು, ಬಂಡೆ ಎಲ್ಲ ಎತ್ತಿ ಪಕ್ಕಕ್ಕೆ ಗುಡ್ಡ ಹಾಕಿ, ಕಲ್ಲಿದ್ದಲನ್ನ ದೊಡ್ಡ ಶವೆಲ್ಲಿನಿಂದ ಬಾಚಿಕೊಳ್ಳೋದು. ಸುರಕ್ಷತೆ ದೃಷ್ಟಿಯಿಂದ ಇದು ಮೇಲು, ಇದನ್ನ ಒಪ್ಪಲೇಬೇಕು. ತಲೆ ಮೇಲೆ ಸೂರೇ ಇಲ್ಲ, ಕುಸಿಯೋದು ಎಲ್ಲಿಂದ? ಖರ್ಚೂ ಕಡಿಮೆ. ಆದ್ರೆ ಜನ ಬೇಡ. ನೂರು ಫಿಲ್ಲರ್ ಮಾಡೋ ಕೆಲಸ ಒಂದು ಯಂತ್ರ ಮಾಡುತ್ತೆ.

ಇಲ್ಲೇ ನೀವು ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು ಲಕ್ಷ ದಾಟಿದ್ದ ನೌಕರರ ಸಂಖ್ಯೆ ಈಗ ಸುಮಾರು 40 ಸಾವಿರ. ಉತ್ಪಾದನೆ? 2023-24ರಲ್ಲಿ 7 ಕೋಟಿ ಟನ್, 1990ರ ದಶಕದ ಆರಂಭಕ್ಕಿಂತ ದುಪ್ಪಟ್ಟಿಗೂ ಹೆಚ್ಚು. ಕಂಪನಿಯ ವಾರ್ಷಿಕ ವರದಿ ಓದಿದ್ರೆ ಇದು ಗೆಲುವಿನ ಕಥೆ. ಯಲ್ಲಂದು ಬಸ್ ನಿಲ್ದಾಣದ ಪಕ್ಕದ ಟೀ ಅಂಗಡಿಯಲ್ಲಿ ಕೂತು ಕೇಳಿದ್ರೆ ಅದೇ ಕಥೆ ಬೇರೆ ಥರ ಕೇಳುತ್ತೆ. ಊರಿನ ಹಳೇ ಬಾವಿಗಳು ಒಂದೊಂದಾಗಿ ಮುಚ್ಚಿದ್ವು. ಕೆಲಸಗಾರರನ್ನ ಕಂಪನಿ ಬೀದಿಗೆ ಹಾಕಲಿಲ್ಲ, ಮಣುಗೂರು, ಭೂಪಾಲಪಲ್ಲಿ, ರಾಮಗುಂಡಂ ಅಂತ ವರ್ಗ ಮಾಡಿತು. ಸಂಸಾರ ಸಮೇತ ಹೊರಟ್ರು. ಸಂಬಳ ಹೋದಲ್ಲಿ ಬಟ್ಟೆ ಅಂಗಡಿ ಹೋಗುತ್ತೆ, ಟೈಲರ್ ಹೋಗ್ತಾನೆ, ಟ್ಯೂಷನ್ ಮೇಷ್ಟ್ರು ಹೋಗ್ತಾರೆ. ‘21 ಇಂಕ್ಲೈನ್’ ಅನ್ನೋದು ಯಲ್ಲಂದುವಿನ ಗಣಿಯೊಂದರ ಹೆಸರು. ಇವತ್ತು ಅಲ್ಲಿ ಅದು ಬಡಾವಣೆಯ ಹೆಸರಾಗಿ ಆಟೋದವರ ಬಾಯಲ್ಲಿದೆ. ಉಳಿದಿರೋದು ಊರಿನ ಮಗ್ಗುಲಲ್ಲಿ, ಆಚೆ ಕೋಯಗೂಡೆಂನಲ್ಲಿ ಓಪನ್‌ಕಾಸ್ಟ್ ಹೊಂಡಗಳು. ಮದ್ದು ಸಿಡಿದ್ರೆ ಕಿಟಕಿ ನಡುಗುತ್ತೆ, ಒಗೆದ ಬಟ್ಟೆ ಮೇಲೆ ಧೂಳು ಕೂರುತ್ತೆ. ಓಪನ್‌ಕಾಸ್ಟ್ ವಿರೋಧಿಸೋರು ಬಳಸೋ ತೆಲುಗು ಪದ ‘ಬೊಂದಲಗಡ್ಡ’. ಸ್ಮಶಾನ ಅಂತ ಅರ್ಥ.

ನನ್ನ ಪ್ರಕಾರ ಯಲ್ಲಂದು ವಿಷಯದಲ್ಲಿ ಎಲ್ಲರೂ ತಪ್ಪೋದು ಇಲ್ಲೇ. ಕಂಪನಿ ಚೆನ್ನಾಗಿದ್ರೆ ಊರು ಚೆನ್ನಾಗಿರುತ್ತೆ ಅಂದ್ಕೋತಾರೆ. ಕೆಜಿಎಫ್‌ನಲ್ಲಿ 2001ರಲ್ಲಿ ಕಂಪನಿಯೇ ಮುಳುಗಿತು, ಊರೂ ಮುಳುಗಿತು, ಇವತ್ತಿಗೂ ಅಲ್ಲಿನ ಸಾವಿರಾರು ಜನ ಬೆಳಗಿನ ಜಾವ ಬೆಂಗಳೂರಿನ ರೈಲು ಹತ್ತುತ್ತಾರೆ. ಅದು ಕಣ್ಣಿಗೆ ಕಾಣೋ ದುಃಖ. ಯಲ್ಲಂದುವಿನಲ್ಲಿ ಕಂಪನಿ ಲಾಭದಲ್ಲಿದೆ, ಊರು ಮಾತ್ರ ಸವೀತಾ ಇದೆ. ಇದು ಸುದ್ದಿಯಾಗೋದಿಲ್ಲ.

ಸುದ್ದಿಯಾದದ್ದು ಒಂದು ಸಲ. 2011ರ ಸೆಪ್ಟೆಂಬರ್. ಪ್ರತ್ಯೇಕ ತೆಲಂಗಾಣಕ್ಕಾಗಿ ಸಕಲ ಜನುಲ ಸಮ್ಮೆ, ಅಂದ್ರೆ ಸಕಲ ಜನರ ಮುಷ್ಕರ. ಸಿಂಗರೇಣಿಯ ಅರವತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರು ಒಂದು ತಿಂಗಳಿಗೂ ಹೆಚ್ಚು ಕಾಲ ಬಾವಿಗೆ ಇಳೀಲಿಲ್ಲ. ಪರಿಣಾಮ ಎಲ್ಲಿ ಕಾಣಿಸ್ತು? ನಮ್ಮ ಮನೆಗಳಲ್ಲಿ. ಆರ್‌ಟಿಪಿಎಸ್‌ಗೆ ರೈಲು ಬರಲಿಲ್ಲ. ಕೇಂದ್ರದ ರಾಮಗುಂಡಂ ಸ್ಥಾವರದಿಂದ ನಮಗೊಂದು ಪಾಲು ಬರುತ್ತೆ, ಅದರ ಹೊಟ್ಟೆಗೂ ಸಿಂಗರೇಣಿಯೇ. ಸದಾನಂದ ಗೌಡರು ಮುಖ್ಯಮಂತ್ರಿ, ಶೋಭಾ ಕರಂದ್ಲಾಜೆ ಇಂಧನ ಸಚಿವೆ, ರಾಜ್ಯಾದ್ಯಂತ ಲೋಡ್ ಶೆಡ್ಡಿಂಗ್. ನಾನು ಆಗ ಇಂಜಿನಿಯರಿಂಗ್ ಕೊನೇ ವರ್ಷ. ಹಾಸ್ಟೆಲ್‌ನಲ್ಲಿ ಮೇಣದ ಬತ್ತಿ ಹಚ್ಚಿಕೊಂಡು ಪವರ್ ಸಿಸ್ಟಮ್ಸ್ ಪುಸ್ತಕ ಓದ್ತಿದ್ವಿ, ಕತ್ತಲಲ್ಲಿ ಕೂತು ಕರೆಂಟಿನ ಪಾಠ. ಪಠ್ಯದಲ್ಲಿ ಬಾಯ್ಲರ್ ಇತ್ತು, ಟರ್ಬೈನ್ ಇತ್ತು, ಟ್ರಾನ್ಸ್‌ಫಾರ್ಮರ್ ಇತ್ತು. ಬುಟ್ಟಿ ಹೊತ್ತ ಮನುಷ್ಯ ಯಾವ ಚಿತ್ರದಲ್ಲೂ ಇರಲಿಲ್ಲ.

ತೆಲಂಗಾಣ ಬಂತು, 2014. ಹೋರಾಡಿದವರಿಗೆ ಏನು ಸಿಕ್ತು? ಸಿಂಗರೇಣಿಯಲ್ಲಿ ಹಿಂದೆ ಅಪ್ಪನ ಕೆಲಸ ಮಗನಿಗೆ ಸಿಗ್ತಿತ್ತು, ಆಮೇಲೆ ಆ ಪದ್ಧತಿ ನಿಂತಿತ್ತು. ಅದನ್ನ ಮತ್ತೆ ತರ್ತೀವಿ ಅಂತ 2016ರಲ್ಲಿ ಕೆಸಿಆರ್ ಸರ್ಕಾರ ಘೋಷಿಸಿತು. 2017ರ ಮಾರ್ಚ್‌ನಲ್ಲಿ ಹೈಕೋರ್ಟ್ ರದ್ದು ಮಾಡ್ತು, ಸರ್ಕಾರಿ ಕಂಪನಿಯ ಕೆಲಸ ವಂಶದ ಆಸ್ತಿ ಅಲ್ಲ ಅಂತ. ಸಂವಿಧಾನದ ಪ್ರಕಾರ ಕೋರ್ಟ್ ಹೇಳಿದ್ದು ಸರಿ. ನೆಲ ಕಳೆದುಕೊಂಡ ಕೋಯ ಹುಡುಗನಿಗೆ ಇಲ್ಲದ ಕೆಲಸ ನೌಕರನ ಮಗನಿಗೆ ಮಾತ್ರ ಯಾಕೆ? ಆದ್ರೆ ಆ ತಾತನ ಬೀದಿಯಲ್ಲಿ ಈ ವಾದ ಮಾಡಿ ಬರೋದು ಕಷ್ಟ. ಅಪ್ಪನ ಶ್ವಾಸಕೋಶ ಕೊಟ್ಟಿದ್ದೀವಿ, ಬದಲಿಗೆ ಒಂದು ಕೆಲಸ ಕೇಳಿದ್ದು ತಪ್ಪಾ ಅಂತಾರೆ. ಆಮೇಲೆ ವೈದ್ಯಕೀಯವಾಗಿ ಅನರ್ಹರಾದವರ ಮಕ್ಕಳಿಗೆ ಅನುಕಂಪದ ನೇಮಕ ಅಂತ ಇನ್ನೊಂದು ದಾರಿ ಮಾಡಿದ್ರು. ಯೋಚನೆ ಮಾಡಿ, ಅಪ್ಪ ಕೆಲಸಕ್ಕೆ ಬಾರದವನು ಅಂತ ವೈದ್ಯರು ಬರೆದುಕೊಟ್ರೆ ಮಗನಿಗೆ ಕೆಲಸ. ಎಂಥ ಮನೆಯಲ್ಲಿ ಎಂಥ ಪ್ರಾರ್ಥನೆ ನಡೆಯುತ್ತೆ ಅಂತ ಊಹಿಸಿಕೊಳ್ಳಿ.

ಇನ್ನೊಂದು ಲೆಕ್ಕ. ಸಿಂಗರೇಣಿ ಪ್ರತಿ ವರ್ಷ ದಸರಾ ಹೊತ್ತಿಗೆ ಲಾಭದಲ್ಲಿ ಪಾಲು ಹಂಚುತ್ತೆ, ದೇಶದಲ್ಲಿ ಅಪರೂಪದ ಒಳ್ಳೆಯ ಪದ್ಧತಿ. 2024ರಲ್ಲಿ 796 ಕೋಟಿ ರೂಪಾಯಿ. ಕಾಯಂ ನೌಕರನಿಗೆ ಸರಾಸರಿ 1 ಲಕ್ಷ 90 ಸಾವಿರ. ಅದೇ ವರ್ಷ ಮೊದಲ ಬಾರಿಗೆ ಗುತ್ತಿಗೆ ಕಾರ್ಮಿಕರಿಗೂ ಕೊಟ್ರು. ಎಷ್ಟು? 5 ಸಾವಿರ. ಸುಮಾರು 25 ಸಾವಿರ ಗುತ್ತಿಗೆ ಕಾರ್ಮಿಕರು ಇದ್ದಾರೆ, ಅದೇ ಧೂಳು ಕುಡೀತಾರೆ, ಅದೇ ಹೊಂಡದಲ್ಲಿ ಬಿಸಿಲಿಗೆ ನಿಲ್ತಾರೆ. ಒಬ್ಬರಿಗೆ 190 ಸಾವಿರ, ಒಬ್ಬರಿಗೆ 5. ಕೊಡದೇ ಇದ್ದಿದ್ದಕ್ಕಿಂತ ಮೇಲು ಅನ್ನಬಹುದು, ಅನ್ನೋರು ಆ 5 ಸಾವಿರ ಹಿಡ್ಕೊಂಡು ದಸರಾ ಬಟ್ಟೆ ತಂದು ತೋರಿಸಲಿ. ಯಲ್ಲಂದುವಿನ ಹುಡುಗರಿಗೆ ಇವತ್ತು ಸುಲಭವಾಗಿ ಸಿಗೋ ಗಣಿ ಕೆಲಸ ಅಂದ್ರೆ ಗುತ್ತಿಗೆಯದ್ದೇ.

ಅದೂ ಎಷ್ಟು ದಿನ? 2021ರಲ್ಲಿ ಕೇಂದ್ರ ಸರ್ಕಾರ ಸಿಂಗರೇಣಿ ಸೀಮೆಯ ನಾಲ್ಕು ನಿಕ್ಷೇಪಗಳನ್ನ ಹರಾಜಿಗೆ ಇಟ್ಟಿತು, ಅದರಲ್ಲಿ ಕೋಯಗೂಡೆಂನದ್ದೂ ಒಂದು. ಡಿಸೆಂಬರ್ 9ರಿಂದ ಮೂರು ದಿನ ಕಾರ್ಮಿಕರು ಮುಷ್ಕರ ಮಾಡಿದ್ರು. ಇನ್ನೊಂದು ಕಡೆ ಯಲ್ಲಂದುವಿನಲ್ಲೇ ಸಿಂಗರೇಣಿ 39 ಮೆಗಾವ್ಯಾಟಿನ ಸೋಲಾರ್ ಸ್ಥಾವರ ಹಾಕಿದೆ. ದೇಶದ ದಕ್ಷಿಣಕ್ಕೆ ಕಲ್ಲಿದ್ದಲು ಕೊಟ್ಟ ಊರಲ್ಲಿ ಈಗ ಬಿಸಿಲಿನಿಂದ ಕರೆಂಟು. ನಮ್ಮ ಪಾವಗಡದಲ್ಲಿ 2050 ಮೆಗಾವ್ಯಾಟ್ ಇದೆ. ಮಳೆಗಾಲದಲ್ಲಿ ಶರಾವತಿ ತುಂಬಿ, ಗಾಳಿ ಚೆನ್ನಾಗಿ ಬೀಸಿದ್ರೆ ಆರ್‌ಟಿಪಿಎಸ್ ಘಟಕಗಳನ್ನ ನಾವೇ ನಿಲ್ಲಿಸ್ತೀವಿ. ಒಳ್ಳೇದೇ, ಹೊಗೆ ಕಡಿಮೆ. ಆದ್ರೆ ಸೋಲಾರ್ ಫಲಕ ಒರೆಸೋಕೆ ಎಷ್ಟು ಜನ ಬೇಕು ರೀ? ಶಕ್ತಿನಗರದ ಸ್ವಿಚ್ ಆಫ್ ಆದ್ರೆ ನಾನೂರು ಚಿಲ್ಲರೆ ಕಿಲೋಮೀಟರ್ ಆಚೆ ಒಂದು ಊಟದ ತಟ್ಟೆಗೂ ಪೆಟ್ಟು ಬೀಳುತ್ತೆ ಅನ್ನೋದು ನಮ್ಮ ಹಸಿರು ಇಂಧನದ ಭಾಷಣಗಳಲ್ಲಿ ಬರೋದಿಲ್ಲ.

ಈಗ ಮೊದಲು ಮನಸ್ಸಲ್ಲಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅಲ್ಲಿಗೆ ಬರೋಣ. ರಾಯಚೂರೂ ಯಲ್ಲಂದೂ ಒಂದೇ ಸಂಸ್ಥಾನದಲ್ಲಿದ್ವು ಅಂತ. 1886ರ ಕಂಪನಿಗೆ ಸಿಕ್ಕಿದ್ದು ಬರೀ ಕಲ್ಲಿದ್ದಲಿನ ಹಕ್ಕಲ್ಲ. ರಾಯಚೂರು ಸೀಮೆಯ ಚಿನ್ನದ ಮೇಲೂ ಅದರ ಕಣ್ಣಿತ್ತು. ಹಟ್ಟಿಯಲ್ಲಿ ಪುರಾತನ ಕಾಲದ ಗಣಿಗಳನ್ನ ಹೊಸದಾಗಿ ಕೆದಕೋಕೆ ಶುರುಮಾಡಿದ್ದು ಆ ದಿನಗಳಲ್ಲೇ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಸಂಬಂಧ ಕಡೀತು ಅಂದ್ಕೊಂಡ್ವಿ. 2025ರ ಆಗಸ್ಟ್‌ನಲ್ಲಿ ಸುದ್ದಿ ಬಂತು: ದೇವದುರ್ಗದಲ್ಲಿ ಚಿನ್ನ ಮತ್ತು ತಾಮ್ರ ಹುಡುಕೋ ಲೈಸೆನ್ಸ್ ಹರಾಜಿನಲ್ಲಿ ಸಿಂಗರೇಣಿಗೆ ಸಿಕ್ಕಿದೆ. ಒಂದು ಸುತ್ತು ಹೊಡೆದು ಸಿಂಗರೇಣಿ ಮತ್ತೆ ನಮ್ಮ ರಾಯಚೂರು ಜಿಲ್ಲೆಗೆ ಬಂದಿದೆ.

ನಮ್ಮ ಕೆಲವು ಚಾನೆಲ್‌ಗಳಲ್ಲಿ ‘ದೇವದುರ್ಗದಲ್ಲಿ ಚಿನ್ನದ ಹೊಳೆ’ ಅಂತ ಬಂತು. ಸ್ವಲ್ಪ ತಡೀರಿ. 2023ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಮಾಡಿ ಈ ಶೋಧನಾ ಲೈಸೆನ್ಸ್ ತಂದಿದ್ದು. ಇದರಲ್ಲಿ ಕಂಪನಿ ಐದು ವರ್ಷ, ಬೇಕಾದ್ರೆ ಇನ್ನೆರಡು ವರ್ಷ, ಕೊರೆದು ನೋಡುತ್ತೆ. ಸಿಕ್ಕಿದ್ರೆ ಗಣಿಯನ್ನ ಸರ್ಕಾರ ಬೇರೆಯಾಗಿ ಹರಾಜು ಹಾಕುತ್ತೆ. ಗಣಿ ನಡೆಸೋನು ಸಿಂಗರೇಣಿಯೇ ಆಗಬೇಕಂತಿಲ್ಲ, ಯಾರೂ ಆಗಬಹುದು. ಅವನು ರಾಜ್ಯಕ್ಕೆ ಕಟ್ಟೋ ಹರಾಜು ಮೊತ್ತದಲ್ಲಿ ಹುಡುಕಿಕೊಟ್ಟವರಿಗೆ ಒಂದು ಪಾಲು. ಹುಡುಕೋರು ಒಬ್ಬರು, ತೆಗೆಯೋರು ಇನ್ನೊಬ್ಬರು, ದುಡ್ಡು ಎಣಿಸೋರು ಮತ್ತೊಬ್ಬರು. ಹೊಂಡ ಮಾತ್ರ ದೇವದುರ್ಗದ್ದು.

ಹಾಗಾಗಿ ದೇವದುರ್ಗದವರು ಈಗಲೇ, ಡ್ರಿಲ್ಲಿಂಗ್ ಲಾರಿ ಬರೋ ಮುಂಚೆಯೇ, ಕೇಳಬೇಕಾದ ಪ್ರಶ್ನೆಗಳಿವೆ. ಕಾಯಂ ಕೆಲಸ ಎಷ್ಟು, ಗುತ್ತಿಗೆ ಎಷ್ಟು, ಅಂಕಿಯಲ್ಲಿ ಬರೆದು ಕೊಡ್ತೀರಾ? ಹೊಲ ಕೊಟ್ಟವನ ಮನೆಯ ಹುಡುಗಿಗೂ ಕೆಲಸ ಇದೆಯಾ? ಅದಿರಿನಿಂದ ಚಿನ್ನ ಬಿಡಿಸೋ ಸಯನೈಡ್ ನೀರು ಕೃಷ್ಣೆ ಕಡೆ ಹರಿಯದ ಹಾಗೆ ಕಟ್ಟೋರು ಯಾರು? ಜಿಲ್ಲಾ ಖನಿಜ ನಿಧಿ ಅಂತ 2015ರಿಂದ ಕಾನೂನಿದೆ, ಆ ದುಡ್ಡು ಹಳ್ಳಿಯಲ್ಲಿ ಖರ್ಚಾಗುತ್ತಾ, ಜಿಲ್ಲಾ ಕೇಂದ್ರದ ಕಾಂಪೌಂಡ್ ಗೋಡೆಗೆ ಹೋಗುತ್ತಾ? ಗಣಿ ಮುಚ್ಚೋ ದಿನದ ಖರ್ಚಿಗೆ ಮೊದಲ ದಿನದಿಂದಲೇ ಬೇರೆ ಖಾತೆಯಲ್ಲಿ ದುಡ್ಡು ಇಡಬೇಕು ಅಂತ ಕಲ್ಲಿದ್ದಲಿಗೆ 2009ರಿಂದ ನಿಯಮ ಇದೆ. ಆ ದುಡ್ಡು ಹೊಂಡ ಮುಚ್ಚೋಕೆ ಮಾತ್ರವಾ, ಊರು ಉಳಿಸೋಕೂ ಇದೆಯಾ?

ಯಲ್ಲಂದುವಿನಲ್ಲಿ 1889ರಲ್ಲಿ ಇದನ್ನೆಲ್ಲ ಕೇಳೋಕೆ ಯಾರೂ ಇರಲಿಲ್ಲ. ಇದ್ದಿದ್ರೂ ಉತ್ತರ ಕೊಡೋ ಬಾಧ್ಯತೆ ಲಂಡನ್ನಿನ ಕಂಪನಿಗೆ ಇರಲಿಲ್ಲ. ಈಗ ಕಾನೂನಿನ ಪ್ರಕಾರ ಗಣಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ಆಗಬೇಕು. ಅದರ ನೋಟಿಸ್ ಎಲ್ಲೋ ಪತ್ರಿಕೆಯ ಮೂಲೆಯಲ್ಲಿ ಬರುತ್ತೆ, ಸಣ್ಣ ಅಕ್ಷರದಲ್ಲಿ. ದೇವದುರ್ಗದಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ ಈ ಕಾರ್ಯಕ್ರಮ ನೋಡ್ತಿರೋರು ಯಾರಾದ್ರೂ ಆ ನೋಟಿಸ್ ಕಂಡ್ರೆ ಫೋಟೋ ತೆಗೆದು ನಮ್ಮ ವಾಟ್ಸಾಪ್ ನಂಬರಿಗೆ ಕಳಿಸಿ. ಸಭೆ ಯಾವ ಶಾಲೆ ಮೈದಾನದಲ್ಲಿ, ಎಷ್ಟು ಗಂಟೆಗೆ ಅಂತ ಗೊತ್ತಾದ್ರೆ ಸಾಕು, ಅವತ್ತು ನಮ್ಮ ಕ್ಯಾಮರಾ ಅಲ್ಲಿರುತ್ತೆ.